ಇಂಗ್ಲಿಷ್ ಪಾಠದಲ್ಲಿ ಕನ್ನಡದ ಅವ್ವ

ಶ್ರೀಮತಿ ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಓದು ಕಲಿಸಿದ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಿರುವ ಸಣ್ಣ ಕಥನವೊಂದು 2004ರಲ್ಲಿ ಪುಸ್ತಕರೂಪವಾಗಿ ಬಂದಿತು. ಮುಂದೆ 2010ರ ದಶಕದಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ಒಂಬತ್ತನೆಯ ತರಗತಿಗೆ ಇಟ್ಟಿದ್ದ ಇಂಗ್ಲಿಷ್ ಸಾಹಿತ್ಯ ವಾಚಿಕೆಯಲ್ಲಿ ಅದು ಪಾಠವಾಯಿತು. ಆ ವಾಚಿಕೆಯನ್ನು ಮಂಡಳಿ ಅನಂತರ ಕೈಬಿಟ್ಟಿತಾದರೂ, ಇದ್ದಷ್ಟು ಕಾಲ ದೇಶದ ಉದ್ದಗಲಕ್ಕೂ ಅದು ನಡೆಯಿತು. ಸಿಕಂದರಾಬಾದಿಗೆ ಅಂಟಿಕೊಂಡ ಮಲ್ಕಾಜ್‌ಗಿರಿಯಲ್ಲಿ ಆ ಮಂಡಳಿಗೆ ಸೇರಿದ ಶಾಲೆಗಳಲ್ಲಿಯೂ ನಡೆಯಿತು. ರೈಲಿನ ಸದ್ದಿನಲ್ಲಿ ಬೆಳೆದ ಈ ಊರು 2007ರಲ್ಲಿ ಮಹಾನಗರಪಾಲಿಕೆಗೆ ಸೇರಿ, 2016ರಲ್ಲಿ ಜಿಲ್ಲೆಯೊಂದಕ್ಕೆ ತನ್ನ ಹೆಸರಿನ ಅರ್ಧವನ್ನು ಕೊಟ್ಟಿದೆ. ಬೀದರ, ಕಲಬುರಗಿ, ರಾಯಚೂರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವಾದ್ದರಿಂದ, ಆ ಕಡೆಯ ಕನ್ನಡಿಗರಿಗೆ ಈ ನಗರ ಪರಸ್ಥಳವೆನ್ನಿಸಿದ್ದು ಆ ದಿನದಿಂದೀಚೆಗೆ ಮಾತ್ರ. ಅಂಥ ಮನೆಯ ಮಗುವಿಗೆ ಇಂಗ್ಲಿಷ್ ತರಗತಿಯಲ್ಲಿ ಈ ಪಾಠ ಎದುರಾದಾಗ ಆಗುವುದೇನು, ಆಗಬಹುದಾದುದೇನು ಎಂಬುದು ವಿಚಾರಾರ್ಹವಾದ ವಿಷಯ.

ಕಥೆಯನ್ನು ಬಲ್ಲವರು ಹಲವರಿದ್ದರೂ ಅದರ ಸಾರವನ್ನು ಇಲ್ಲಿ ಹೇಳುವುದು ಅವಶ್ಯ. ಉತ್ತರ ಕರ್ನಾಟಕದ ಒಂದು ಹಳ್ಳಿ. ಬೆಳಗಿನ ಪತ್ರಿಕೆ ಮಧ್ಯಾಹ್ನಕ್ಕೆ ಬರುತ್ತದೆ. ವಾರಪತ್ರಿಕೆ ಒಂದು ದಿನ ತಡವಾಗಿ ಬರುತ್ತದೆ. ಊರೆಲ್ಲ ಬಸ್ಸಿನ ದಾರಿ ಕಾಯುತ್ತದೆ. ‘ಕರ್ಮವೀರ’ದಲ್ಲಿ ತ್ರಿವೇಣಿಯವರ ‘ಕಾಶೀಯಾತ್ರೆ’ ಧಾರಾವಾಹಿಯಾಗಿ ಬರುತ್ತಿದೆ. ಅದನ್ನು ಹನ್ನೆರಡು ವರ್ಷದ ಮೊಮ್ಮಗಳು ಓದುತ್ತಾಳೆ, ಅಕ್ಷರ ಬಾರದ ಅಜ್ಜಿ ಕೇಳುತ್ತಾಳೆ. ಲೇಖಕಿ ಹುಟ್ಟಿದ್ದು 1950ರಲ್ಲಾದ ಕಾರಣ ಕಥೆಯ ಕಾಲ 1962ರ ಸುಮಾರೆಂದು ಎಣಿಸಬಹುದು. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಎಂದರೆ ಆ ಮುದುಕಿ ಕಿವಿಗೊಟ್ಟದ್ದು ಆಗಿನ್ನೂ ಬದುಕಿ ಬರೆಯುತ್ತಿದ್ದ ಒಬ್ಬ ಎಳೆಯ ಲೇಖಕಿಗೆ. ಒಮ್ಮೆ ಮೊಮ್ಮಗಳು ಮದುವೆಗೆಂದು ನೆರೆಯೂರಿಗೆ ಹೋಗುತ್ತಾಳೆ. ಆ ವಾರ ಪತ್ರಿಕೆ ಬರುತ್ತದೆ; ಅಜ್ಜಿ ಪುಟದ ಮೇಲೆ ಕೈಯಾಡಿಸುತ್ತಾಳೆ, ಓದಲಾಗುವುದಿಲ್ಲ; ಬೇರೆಯವರನ್ನು ಓದಿಸಿಕೊಡೆಂದು ಕೇಳಲು ಸಂಕೋಚ. ಮೊಮ್ಮಗಳು ಮರಳಿದೊಡನೆ ಕಣ್ಣೀರು, ಆಮೇಲೆ ನಿಶ್ಚಯ: ಅರುವತ್ತೆರಡರ ಪ್ರಾಯದಲ್ಲಿ ಅಕ್ಷರ ಕಲಿಯಬೇಕು, ದಸರೆಯ ಸರಸ್ವತೀ ಪೂಜೆಯ ಹೊತ್ತಿಗೆ ತಾನೇ ಓದಬೇಕು. ಆ ದಿನ ಬಂದಾಗ ಅಜ್ಜಿ ಗುರುವೆಂದು ಬಗೆದು ಮೊಮ್ಮಗಳ ಕಾಲು ಮುಟ್ಟುತ್ತಾಳೆ. ಮೊಮ್ಮಗಳು ಅಷ್ಟರಲ್ಲಿ ಪುಸ್ತಕವಾಗಿದ್ದ ‘ಕಾಶೀಯಾತ್ರೆ’ಯನ್ನೇ ಅವಳ ಕೈಗಿಡುತ್ತಾಳೆ. ಅಜ್ಜಿ ಹೆಸರನ್ನು, ಲೇಖಕಿಯನ್ನು, ಪ್ರಕಾಶಕರನ್ನು ಓದಿಬಿಡುತ್ತಾಳೆ.

ಇದು ಪಾಠ ಮತ್ತು ಗೃಹಪಾಠಗಳನ್ನೇ ಕುರಿತ ಕಥೆ ಎಂಬುದು ಸಾಮಾನ್ಯವಾಗಿ ಗಮನಕ್ಕೆ ಬಾರದೆ ಹೋಗುತ್ತದೆ. ಅಜ್ಜಿ ದಿನದಿನವೂ ಮಾಡಿದ ಅಭ್ಯಾಸ ಮೊಮ್ಮಗಳನ್ನೇ ಬೆರಗುಗೊಳಿಸುವಷ್ಟಿತ್ತು. ಆದರೆ ಆ ಅಭ್ಯಾಸವನ್ನು ವಿಧಿಸಿದವರು ಯಾರು? ಮೊಮ್ಮಗಳಲ್ಲ. ಗಡುವನ್ನು ಇಟ್ಟುಕೊಂಡವಳು ಅಜ್ಜಿ, ಪಠ್ಯವನ್ನು ಆರಿಸಿದವಳು ಅಜ್ಜಿ, ಪರೀಕ್ಷೆಯ ದಿನವನ್ನು ಗೊತ್ತುಮಾಡಿದವಳೂ ಅಜ್ಜಿ. ಅವಳಿಗೆ ಬೇಕಾಗಿದ್ದುದು ಸಾಕ್ಷರತೆಯೆಂಬ ಸದ್ಗುಣವಲ್ಲ. ಮುಂದಿನ ವಾರದ ಕಂತು. ಕಾಶಿಗೆ ಹೋಗಬೇಕೆಂದು ಹಣ ಕೂಡಿಟ್ಟ ಮುದುಕಿಯೊಬ್ಬಳು ಕೊನೆಗೆ ಆ ಹಣವನ್ನು ಅನಾಥ ಹುಡುಗಿಯ ಮದುವೆಗೆ ಕೊಡುವ ವಸ್ತು ಆ ಕಾದಂಬರಿಯದು. ಅದರಲ್ಲಿ ತನ್ನನ್ನೇ ಕಂಡ ಅಜ್ಜಿ ಕಂತಿನ ಮಧ್ಯದಲ್ಲಿ ನಿಲ್ಲಲಾರದೆ ಹೋದಳು. ಸಾಹಿತ್ಯದ ಆಸೆಯಿಂದ ಅಕ್ಷರ ಹುಟ್ಟಿತು. ನಮ್ಮ ಶಾಲೆಗಳಲ್ಲಿ ಕ್ರಮ ಇದಕ್ಕೆ ತಲೆಕೆಳಗು: ಮೊದಲು ಭಾಷೆ, ಅಭ್ಯಾಸ, ಅಂಕ; ಆಸೆ ಹುಟ್ಟಿದರೆ ಹುಟ್ಟಲಿ.

ಇಂಥ ಕಥೆಯನ್ನು ತರಗತಿ ಹೇಗೆ ನಡೆಸಿತೆಂಬುದನ್ನು ಊಹಿಸಲು ಕಷ್ಟವಿಲ್ಲ. ಪ್ರೌಢಶಾಲೆಯ ಇಂಗ್ಲಿಷ್ ಪಾಠದ ದಿನಚರಿ ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ. ಮೊದಲ ದಿನ ಸರದಿಯಂತೆ ಓದು, ಒಬ್ಬೊಬ್ಬರಿಗೆ ಒಂದೊಂದು ಖಂಡಿಕೆ. ಎರಡನೆಯ ದಿನ ಕಠಿಣ ಪದಗಳ ಅರ್ಥ ಕರಿಹಲಗೆಯ ಮೇಲೆ. ಆಮೇಲೆ ಪ್ರಶ್ನೋತ್ತರಗಳು, ಅವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರುವುದು ಗೃಹಪಾಠ. ಉತ್ತರಗಳು ಗೈಡಿನಲ್ಲಿ ಸಿದ್ಧವಾಗಿಯೇ ಇರುತ್ತವೆ. ಅಜ್ಜಿಯ ಗುಣಗಳನ್ನು ವಿವರಿಸಿ, ದೃಢಸಂಕಲ್ಪದ ಮಹತ್ತ್ವವನ್ನು ತಿಳಿಸಿ, ಮಹಿಳೆಯರ ಶಿಕ್ಷಣವನ್ನು ಕುರಿತು ಬರೆಯಿರಿ ಎಂಬ ಧಾಟಿ ಪ್ರಶ್ನೆಗಳದು. ಹೀಗೆ, ಒಂದು ಧಾರಾವಾಹಿಗಾಗಿ ಹಾತೊರೆದ ಮುದುಕಿ, ಎರಡು ಅಂಕಕ್ಕೆ ಒಂದು ಗುಣದಂತೆ ಹರಿದು ಹಂಚಿಹೋಗುತ್ತಾಳೆ. ಉಪಾಧ್ಯಾಯರನ್ನು ದೂಷಿಸಿ ಫಲವಿಲ್ಲ. ತುಂಬಿದ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದಬೇಕಾದವರಿಗೆ ಎಲ್ಲ ಉತ್ತರಗಳೂ ಒಂದೇ ಆಗಿದ್ದರೆ ಕೆಲಸ ಹಗುರ. ತಪ್ಪು ಪ್ರಶ್ನೆಯ ಆಕಾರದಲ್ಲಿಯೇ ಇದೆ.

ಆದರೂ ಪಾಠದ ಸೊರಗಿಗೆ ತರಗತಿಯೊಂದೇ ಕಾರಣವೆನ್ನಲಾಗದು, ಕಥನದಲ್ಲಿಯೂ ಕೊರತೆಯಿದೆ. ಲೇಖಕಿಯ ಇಂಗ್ಲಿಷು ಸರಳ, ನೇರ, ಮಕ್ಕಳಿಗೆ ತಕ್ಕುದು. ‘ಅವ್ವ’ ಎಂಬ ಸಂಬೋಧನೆಯನ್ನು ಅವರು ಅನುವಾದಿಸದೆ ಉಳಿಸಿದ್ದು ಒಳ್ಳೆಯ ವಿವೇಕ. ತೆಲುಗಿನಲ್ಲಿಯೂ ಅವ್ವ ಎಂದರೆ ಅಜ್ಜಿಯೇ ಆದ್ದರಿಂದ ಮಲ್ಕಾಜ್‌ಗಿರಿಯ ಮಕ್ಕಳಿಗೆ ಅಲ್ಲಿ ಟಿಪ್ಪಣಿ ಬೇಕಿರಲಿಲ್ಲ. ಆದರೆ ಕಥೆಯ ಜೀವಾಳವಾದ ಕಲಿಕೆಯನ್ನು ಅವರು ಕೆಲವೇ ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ಕನ್ನಡ ವರ್ಣಮಾಲೆಯ ಹೆಸರು ಬರುತ್ತದೆ, ಅಕ್ಷರಗಳು ಬರುವುದಿಲ್ಲ. ಯಾವ ಅಕ್ಷರದಲ್ಲಿ ಅಜ್ಜಿ ತಡವರಿಸಿದಳು, ಕಾಗುಣಿತವನ್ನು ಹೇಗೆ ದಾಟಿದಳು, ಒತ್ತಕ್ಷರದ ಮುಂದೆ ಎಷ್ಟು ದಿನ ನಿಂತಳು? ಇಂಗ್ಲಿಷ್ ಓದುಗನಿಗೆ ಅದು ಬೇಡವೆಂದು ಬಿಟ್ಟಿರಬಹುದು. ಬಿಟ್ಟುದರಿಂದ ಕೊನೆಯ ಘಟನೆಯ ತೂಕ ಕಡಮೆಯಾಯಿತು.

ಅದರ ತೂಕವನ್ನು ಕನ್ನಡ ಕಣ್ಣಿನಿಂದ ನೋಡಿದರೆ ತಿಳಿಯುತ್ತದೆ. ಅಜ್ಜಿಯ ಕೈಗೆ ಬಂದ ಹೊದಿಕೆಯ ಮೇಲೆ ಇದ್ದುದು ‘ಕಾಶೀಯಾತ್ರೆ’, ‘ತ್ರಿವೇಣಿ’ ಎಂಬ ಎರಡು ಪದಗಳು. ಮೊದಲನೆಯದರಲ್ಲಿ ಸಾಲಾಗಿ ಮೂರು ದೀರ್ಘಗಳು, ಕೊನೆಗೆ ಏತ್ವ ಹೊತ್ತ ಸಂಯುಕ್ತಾಕ್ಷರ. ಎರಡನೆಯದರಲ್ಲಿ ಮೊದಲಕ್ಷರವೇ ಸಂಯುಕ್ತ, ಅದಕ್ಕೆ ಗುಡಿಸು. ಅರಸ, ಬಸವ ಎಂದು ಓದಬಲ್ಲ ಹೊಸಬರು ಇಲ್ಲಿ ಎಡವುವುದು ಸಹಜ. ತಕಾರಕ್ಕೆ ರಕಾರ ಒತ್ತಾಗಿ ಬರುವ ಅಕ್ಷರ ಎರಡು ಪದಗಳಲ್ಲಿಯೂ ಇದೆ. ಅದನ್ನು ತಡೆಯಿಲ್ಲದೆ ಓದಿದ ಅಜ್ಜಿ ಅಕ್ಷರಮಾಲೆಯ ಕೊನೆಯವರೆಗೂ ನಡೆದು ಬಂದವಳು. ಮೊಮ್ಮಗಳು ತಿಳಿದೋ ತಿಳಿಯದೆಯೋ ಕಠಿಣವಾದ ಪ್ರಶ್ನಪತ್ರಿಕೆಯನ್ನೇ ಮುಂದಿಟ್ಟಿದ್ದಳು. ಇಂಗ್ಲಿಷಿನಲ್ಲಿ ಇದಾವುದೂ ಕಾಣದು. ಅಲ್ಲಿ ಅದು ಬರಿಯ ಹೆಸರು. ಅಷ್ಟಾದ ಮೇಲೆ ಲೇಖಕಿ ತನ್ನ ವಿದ್ಯಾರ್ಥಿನಿ ಉತ್ತಮವಾಗಿ ತೇರ್ಗಡೆಯಾದಳೆಂಬ ಶಾಲೆಯ ಮಾತಿನಿಂದ ಮುಗಿಸಿರುವುದು ಕಥೆಗೆ ಒಪ್ಪುವುದಿಲ್ಲ. ಪ್ರಶ್ನಪತ್ರಿಕೆ ತಯಾರಿಸುವವರಿಗೆ ಆ ಒಂದು ವಾಕ್ಯವೇ ದಾರಿ ತೋರಿಸಿರಬೇಕು.

ಅದೇ ವಾಚಿಕೆಯಲ್ಲಿ ಥಾಮಸ್ ಕ್ಯಾಂಬೆಲ್ಲನ ‘ಲಾರ್ಡ್ ಅಲಿನ್ಸ್ ಡಾಟರ್’ ಎಂಬ ಪದ್ಯವೂ ಇತ್ತೆಂಬುದನ್ನು ನೆನೆದರೆ ವಿಷಯ ಇನ್ನಷ್ಟು ಸ್ವಾರಸ್ಯವಾಗುತ್ತದೆ. ತಂದೆಯ ಕೋಪಕ್ಕೆ ಹೆದರಿ ಪ್ರಿಯನೊಡನೆ ಓಡಿಬಂದ ಹುಡುಗಿ ಬಿರುಗಾಳಿಯಲ್ಲಿ ದೋಣಿಯೇರಿ ಮುಳುಗುವ ಆ ಸ್ಕಾಟ್ಲೆಂಡಿನ ಕಥೆ, ಬಿ. ಎಂ. ಶ್ರೀಕಂಠಯ್ಯನವರ ಕೈಯಲ್ಲಿ ‘ಕಾರಿಹೆಗ್ಗಡೆಯ ಮಗಳು’ ಆಗಿ ಕನ್ನಡದ ಪಡುವಣ ತೀರಕ್ಕೆ ಬಂದು ನೆಲಸಿತು. ಅದನ್ನೊಳಗೊಂಡ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾಯಿತು. ಶ್ರೀಯವರು ವೃತ್ತಿಯಿಂದ ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು. ಹಗಲು ತರಗತಿಯಲ್ಲಿ ಬೋಧಿಸಿದ ಕಾವ್ಯಕ್ಕೆ ಮನೆಯ ನುಡಿಯಲ್ಲಿ ಉತ್ತರ ಬರೆದವರು. ಗೃಹಪಾಠವೆಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಅರ್ಥ ಹುಡುಕುವುದು ಕಷ್ಟ. ತ್ರಿವೇಣಿಯವರು ಶ್ರೀಯವರ ತಮ್ಮನ ಮಗಳೋ ಅಣ್ಣನ ಮಗಳೋ ಎಂಬ ಲೆಕ್ಕ ಬೇಡ, ಆ ಮನೆತನದವರೇ ಎಂಬುದು ಪ್ರಸಿದ್ಧ. ದೂರದ ಒಂದು ಇಂಗ್ಲಿಷ್ ವಾಚಿಕೆಯೊಳಗೆ ಈ ಒಂದು ಮನೆತನ ಎರಡು ಕಡೆ ಮರೆಯಾಗಿ ನಿಂತಿದೆ: ಒಂದು ಕಡೆ ಪಾಠದೊಳಗಿನ ಪುಸ್ತಕವಾಗಿ, ಇನ್ನೊಂದು ಕಡೆ ಪದ್ಯದ ಕನ್ನಡ ರೂಪವಾಗಿ. ಎರಡನ್ನೂ ಹೊರತೆಗೆದು ತೋರಿಸುವ ಒಂದು ಪ್ರಶ್ನೆಯೂ ಪಾಠದ ಕೆಳಗೆ ಇರಲಿಲ್ಲ. ಅಖಿಲ ಭಾರತದ ಪುಸ್ತಕದಲ್ಲಿ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ತೆಲುಗು ನಾಡಿನ ರಾಜ್ಯಪಠ್ಯದಲ್ಲಿಯೂ ಇದೇ ಲೇಖಕಿಯ ಬರೆಹವೊಂದು ಹತ್ತನೆಯ ತರಗತಿಗೆ ಇದ್ದಿತು. ಅದು ಮೈಸೂರಿನ ಬಡ ಉಪಾಧ್ಯಾಯರ ಮಗನೊಬ್ಬ ಐಐಟಿಗೆ ಆಯ್ಕೆಯಾಗಿಯೂ ಹಣವಿಲ್ಲದೆ ಹೋಗಲಾರದ ಕಥೆ. ಅದು ನಾರಾಯಣ ಮೂರ್ತಿಯವರ ಬಾಲ್ಯವೆಂದು ತಿಳಿದೊಡನೆ ಪಾಠ ಉದ್ಯೋಗದ ಉಪದೇಶವಾಗಿ ಬಿಡುತ್ತದೆ. ಮನೆಯವರಿಗೆ ಈ ಪಾಠ ಹೆಚ್ಚು ಮೆಚ್ಚುಗೆಯಾದರೆ ಆಶ್ಚರ್ಯವಿಲ್ಲ. ಅಜ್ಜಿಯ ಕಥೆಗೆ ಅಂಥ ಪ್ರಯೋಜನವಿಲ್ಲ. ಅವಳಿಗೆ ಓದಿನಿಂದ ದೊರೆತುದು ಓದು ಮಾತ್ರ.

ಇನ್ನು ಮಲ್ಕಾಜ್‌ಗಿರಿಯ ಕನ್ನಡ ಮನೆಗೆ ಬರೋಣ. ಅಲ್ಲಿಯ ಮಗುವಿಗೆ ಪಾಠಗಳೆಲ್ಲ ಇಂಗ್ಲಿಷಿನಲ್ಲಿ; 2018ರ ಕಾನೂನಿನ ಮೇರೆಗೆ, ಶಾಲೆ ಯಾವ ಮಂಡಳಿಗೆ ಸೇರಿದ್ದರೂ ತೆಲುಗು ಕಡ್ಡಾಯ; ಹಲವೆಡೆ ಹಿಂದಿಯೂ ಸೇರುತ್ತದೆ. ಕಾಚಿಗುಡದ ನೃಪತುಂಗ ಶಾಲೆಯಂಥ ಆಸರೆ ನಗರದ ಎಲ್ಲ ಮೂಲೆಗೂ ಎಟಕುವಂಥದಲ್ಲ. ಆದುದರಿಂದ ಕನ್ನಡ ಈ ಮಗುವಿಗೆ ಕಿವಿಯ ಭಾಷೆ, ಬಾಯ ಭಾಷೆ, ಕಣ್ಣಿನ ಭಾಷೆಯಲ್ಲ. ಕಥೆಯ ಅಜ್ಜಿ 1962ರಲ್ಲಿ ಇದ್ದ ಸ್ಥಿತಿಯೇ ಇದು. ಅಲ್ಲಿ ಮೊಮ್ಮಗಳಿಗೆ ಓದು ಬರುತ್ತಿತ್ತು, ಅಜ್ಜಿಗೆ ಬರುತ್ತಿರಲಿಲ್ಲ. ಇಲ್ಲಿ ಊರಿಂದ ಬಂದ ಅಜ್ಜಿ ಕನ್ನಡ ವಾರಪತ್ರಿಕೆ ಓದಬಲ್ಲಳು. ಆ ಕಥೆಯನ್ನು ಇಂಗ್ಲಿಷಿನಲ್ಲಿ ಓದಿ, ನಿರಕ್ಷರತೆಯ ದುಃಖವನ್ನು ಕುರಿತು ನೂರು ಪದಗಳಲ್ಲಿ ಉತ್ತರ ಬರೆದ ಮೊಮ್ಮಗಳು ‘ಕಾಶೀಯಾತ್ರೆ’ಯ ಹೊದಿಕೆಯನ್ನು ಓದಲಾರಳು. ಪಾಠ ಈ ಮಗುವನ್ನು ಕುರಿತೇ ಆಗಿದ್ದರೂ ಗೃಹಪಾಠ ಅದನ್ನು ಆಕೆಗೆ ತಿಳಿಸಲಿಲ್ಲ.

ಈ ಕೊರತೆಯನ್ನು ತುಂಬುವುದು ತೋರುವಷ್ಟು ದೊಡ್ಡ ಕೆಲಸವಲ್ಲ. ಶಾಲೆ ಕಡ್ಡಾಯವಾಗಿ ಕಲಿಸಿದ ತೆಲುಗು ಲಿಪಿ ಕನ್ನಡದ ಒಡಹುಟ್ಟು. ಎರಡಕ್ಕೂ ಮೂಲ ಒಂದೇ ಎಂಬುದು ಶಾಸನಗಳನ್ನು ಬಲ್ಲವರಿಗೆ ಹೊಸ ಮಾತಲ್ಲ. ತಲೆಕಟ್ಟಿನ ರೂಪ ಬೇರೆ, ಕಕಾರ ತಕಾರ ಶಕಾರಗಳಂಥ ಕೆಲವು ಅಕ್ಷರಗಳ ತಿರುವು ಬೇರೆ. ಕಾಗುಣಿತದ ಕ್ರಮ, ಒತ್ತಿನ ಕ್ರಮ ಒಂದೇ. ಅಜ್ಜಿ ತಿಂಗಳುಗಟ್ಟಲೆ ದುಡಿದು ಗಳಿಸಿದುದನ್ನು ಈ ಮೊಮ್ಮಗಳು ಕೆಲವು ಸಂಜೆಗಳಲ್ಲಿ ಪಡೆಯಬಲ್ಲಳು, ಮನೆಯ ಅಜ್ಜಿಯೇ ಗುರುವಾದರೆ. ಇಂಗ್ಲಿಷ್ ಉಪಾಧ್ಯಾಯರಿಗೆ ಕನ್ನಡ ಬರಬೇಕೆಂದೇನೂ ಇಲ್ಲ. ಈ ಪಾಠದ ಕೆಳಗೆ ಒಂದೇ ಒಂದು ಪ್ರಶ್ನೆ ಇದ್ದರೆ ಸಾಕಾಗಿತ್ತು: ನಿಮ್ಮ ಮನೆಯ ಹಿರಿಯರು ಓದುವ ಪುಸ್ತಕವೊಂದರ ಹೆಸರನ್ನು ಅದರ ಲಿಪಿಯಲ್ಲಿಯೇ ಬರೆದು ತನ್ನಿ. ಅದಕ್ಕೆ ಗೈಡಿನಲ್ಲಿ ಉತ್ತರ ಸಿಗದು. ಒಂದು ಮನೆಯಿಂದ ತೆಲುಗು, ಒಂದರಿಂದ ಉರ್ದು, ಒಂದರಿಂದ ಮರಾಠಿ ಬರುತ್ತಿತ್ತು. ಒಂದು ಮನೆಯಲ್ಲಿ ರಾತ್ರಿ ಊಟವಾದ ಮೇಲೆ, ತ್ರಿ ಎಂಬಲ್ಲಿ ಒತ್ತು ಯಾವ ಕಡೆಗೆ ತಿರುಗಬೇಕೆಂದು ಹುಡುಗಿ ಕೇಳುತ್ತಿದ್ದಳು, ಅಜ್ಜಿ ಕನ್ನಡಕ ಹುಡುಕುತ್ತಿದ್ದಳು.