ಋಣವಿಲ್ಲದ ವಿದ್ಯೆ: ಕೆಲವು ಕ್ರಮಗಳ ವಿಮರ್ಶೆ

ಚೌಡಾಪುರದ ಕಡೆಯ ವಿದ್ಯಾರ್ಥಿಯು ಬ್ಯಾಂಕಿನ ಸಾಲದಿಂದ ಕಾಲೇಜು ಸೇರಿದರೆ, ಕಂತು ಆರಂಭವಾಗುವ ಮುನ್ನವೇ ಬಡ್ಡಿ ಬೆಳೆಯತೊಡಗುತ್ತದೆ. ಸರಕು ಮಾರುವ ಮೊದಲೇ ಬಡ್ಡಿ ತೆರುವ ಕಷ್ಟವನ್ನು ವ್ಯಾಪಾರಿಗಳಾದ ನಮಗೆ ವಿವರಿಸಬೇಕಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯವು 1971ರಲ್ಲಿ, ಮುಂದೂಡಿದ ಶುಲ್ಕಕ್ಕೆ ಬದಲಾಗಿ ಭವಿಷ್ಯದ ಆದಾಯದ ಅಂಶವನ್ನು ಪಡೆಯುವ ಯೋಜನೆ ತಂದಿತು. ಇಡೀ ತಂಡದ ಋಣ ತೀರುವವರೆಗೆ ಎಲ್ಲರೂ ಕೊಡಬೇಕೆಂಬ ನಿಯಮದಿಂದ, ಕೊಡದವರ ಹೊರೆಯು ಕೊಡುವವರ ಹೆಗಲೇರಿತು. 1978ರಲ್ಲಿ ಯೋಜನೆ ನಿಂತಿತು. ಲೆಕ್ಕದಲ್ಲಿ ಚೆಂದ, ನ್ಯಾಯದಲ್ಲಿ ಕೊರತೆ.

ಕುಂಭೋಜದ ಜೈನ ಮನೆತನದಲ್ಲಿ ಜನಿಸಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ಸ್ಥಾಪಿಸಿದ ರಯತ್ ಶಿಕ್ಷಣ ಸಂಸ್ಥೆಯು 'ದುಡಿದು ಕಲಿ' ಕ್ರಮವನ್ನು ಬೆಳೆಸಿತು. ಅಲ್ಲಿ ವಿದ್ಯಾರ್ಥಿಯು ಸಾಲಗಾರನಾಗದೆ ಓದಿದನು. ಆದರೆ ಇಂದಿನ ಇಂಜಿನಿಯರಿಂಗ್ ಶುಲ್ಕವನ್ನು ಅಂಥ ದುಡಿಮೆಯೊಂದೇ ತುಂಬಲಾರದು.

ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವು ಜೈನರಿಗೂ ಅನ್ವಯಿಸುತ್ತದೆ; ಶೇ. 2ರ ಸೇವಾ ಶುಲ್ಕ ಹಗುರವೇ ಸರಿ, ಆದರೂ ಅದು ಸಾಲವೇ.

ಶಾಸ್ತ್ರದಾನವೆಂದರೆ ಗ್ರಂಥ ಹಂಚುವುದಷ್ಟೇ ಎಂದು ನಮ್ಮ ಬಸದಿಗಳ ಟ್ರಸ್ಟುಗಳು ಏಕೆ ಭಾವಿಸಬೇಕು? ಠೇವಣಿಯ ಬಡ್ಡಿಯಿಂದ ಶುಲ್ಕ ಕಟ್ಟಿ, ಉದ್ಯೋಗ ದೊರೆತ ಬಳಿಕ ಅವನ ಪಾಲನ್ನಷ್ಟೇ ಬಡ್ಡಿಯಿಲ್ಲದೆ ಮರಳಿ ಪಡೆದು, ಮುಂದಿನವನಿಗೆ ಕೊಡಬಹುದು. ಟ್ರಸ್ಟಿನ ಪತ್ರದಲ್ಲಿ ವಿದ್ಯೆಯ ಉದ್ದೇಶ ನಮೂದಾಗಿದೆಯೇ ಎಂಬುದನ್ನು ಮಾತ್ರ ಮೊದಲು ನೋಡಬೇಕು.