ಮಕ್ಕಳ ಗ್ರಾಮಸಭೆ: ಬರೆದುಕೊಂಡಿದ್ದು ಎಷ್ಟು, ಮಾಡಿದ್ದು ಎಷ್ಟು?

ಒಂದು ಗ್ರಾಮ ಪಂಚಾಯಿತಿ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಅದರ ಮಕ್ಕಳ ಗ್ರಾಮಸಭೆಯ ನಡಾವಳಿ ಓದಬೇಕು. ದೊಡ್ಡವರ ಗ್ರಾಮಸಭೆಯಲ್ಲಿ ಮನೆ ಹಂಚಿಕೆ, ನರೇಗಾ ಬಿಲ್ಲು, ಹಳೆಯ ಜಗಳ ಎಲ್ಲ ಕಲಸಿಕೊಂಡು ಗದ್ದಲವೇ ಹೆಚ್ಚಾಗುತ್ತದೆ. ಮಕ್ಕಳು ನೇರವಾಗಿ ಕೇಳುತ್ತಾರೆ. ಶೌಚಾಲಯಕ್ಕೆ ನೀರು ಬರುತ್ತಿಲ್ಲ. ಹೈಸ್ಕೂಲಿನಿಂದ ಬರುವ ದಾರಿಯಲ್ಲಿ ಬೀದಿದೀಪ ಉರಿಯುವುದಿಲ್ಲ. ಸಂಜೆ ಬಸ್ಸು ನಿಲ್ಲಿಸದೇ ಹೋಗುತ್ತಾರೆ. ನಮ್ಮ ಕ್ಲಾಸಿನ ಹುಡುಗಿ ಎರಡು ತಿಂಗಳಿಂದ ಶಾಲೆಗೆ ಬಂದಿಲ್ಲ, ಅವಳಿಗೆ ಮದುವೆ ಮಾಡ್ತಾರಂತೆ. ಪಂಚಾಯಿತಿ ಪುಸ್ತಕದಲ್ಲಿ ಇವೆಲ್ಲ ಒಂದರ ಕೆಳಗೆ ಒಂದು ಇರುತ್ತವೆ. ಅವುಗಳ ಎದುರಿನ ಕಾಲಂನಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯ: ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆಯಲು ತೀರ್ಮಾನಿಸಲಾಯಿತು.

ಊರಿನ ಮಕ್ಕಳ ಸುರಕ್ಷತೆಯನ್ನು, ಅವರಿಗಾಗಿ ಇರುವ ಸೇವೆಗಳನ್ನು ಸ್ಥಳೀಯ ಸಂಸ್ಥೆಯೇ ಪರಿಶೀಲಿಸಬೇಕು, ಅದೂ ಮಕ್ಕಳ ಎದುರಿಗೇ ಪರಿಶೀಲಿಸಬೇಕು ಎಂಬ ಆಲೋಚನೆ ಕರ್ನಾಟಕದ ಪಂಚಾಯತ್ ರಾಜ್ ಕಂಡ ಒಳ್ಳೆಯ ಆಲೋಚನೆಗಳಲ್ಲೊಂದು. ಇದನ್ನು ನಾನು ಮನಃಪೂರ್ವಕವಾಗಿ ನಂಬುತ್ತೇನೆ. ಹಾಗಾಗಿಯೇ ಅದು ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ಬಿಸ್ಕತ್ತು ಹಂಚಿ, ಫೋಟೊ ತೆಗೆದು ತಾಲ್ಲೂಕಿಗೆ ವರದಿ ಕಳಿಸುವ ಕಾರ್ಯಕ್ರಮವಾಗಿ ಇಳಿಯುತ್ತಿರುವುದನ್ನು ಕಂಡು ಸುಮ್ಮನಿರಲು ಆಗುವುದಿಲ್ಲ.

ಈ ಪದ್ಧತಿ ಹುಟ್ಟಿದ್ದು ಸರ್ಕಾರದ ಕಡತದಲ್ಲಲ್ಲ. 1990ರಲ್ಲಿ ದುಡಿಯುವ ಮಕ್ಕಳು ತಮ್ಮದೇ ಸಂಘಟನೆಯಾಗಿ ಭೀಮಸಂಘವನ್ನು ಕಟ್ಟಿಕೊಂಡರು. ಅದರ ಬೆನ್ನಿಗೆ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ನಿಂತಿತು. ಆ ದಶಕದ ನಡುಭಾಗದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ ಮಕ್ಕಳ ಪಂಚಾಯಿತಿ ಎಂಬ ಪ್ರಯೋಗ ಶುರುವಾಯಿತು. ಮಕ್ಕಳು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿಕೊಂಡರು. ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ, ನಕ್ಷೆ ಬರೆದು, ಪಂಚಾಯಿತಿಗೆ ಐದು ವರ್ಷದ ಯೋಜನೆಯನ್ನೇ ಸಿದ್ಧಪಡಿಸಿ ಕೊಟ್ಟರು. ತಮ್ಮ ಪರವಾಗಿ ಓಡಾಡಲು ದೊಡ್ಡವರಲ್ಲಿ ಒಬ್ಬರನ್ನು ‘ಮಕ್ಕಳ ಮಿತ್ರ’ ಎಂದು ಆರಿಸಿಕೊಂಡರು. ಅಧಿಕಾರಿಗಳೂ ಮಕ್ಕಳ ಪ್ರತಿನಿಧಿಗಳೂ ಒಟ್ಟಿಗೆ ಕೂರುವ ತಾಲ್ಲೂಕು ಮಟ್ಟದ ಕಾರ್ಯಪಡೆಯೂ ಇತ್ತು. ಅಂದರೆ ಕೇಳುವ ಮಕ್ಕಳ ಜೊತೆಗೆ, ಉತ್ತರ ತರುವವರನ್ನೂ ಉತ್ತರ ಕೊಡಬೇಕಾದವರನ್ನೂ ಮೊದಲಿನಿಂದಲೇ ಸೇರಿಸಿಕೊಂಡು ಕಟ್ಟಿದ ವ್ಯವಸ್ಥೆ ಅದು.

2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದಿತು. ಇವತ್ತು ಸುಮಾರು ಆರು ಸಾವಿರ ಪಂಚಾಯಿತಿಗಳಿರುವ ರಾಜ್ಯದಲ್ಲಿ ಇಂಥದ್ದೊಂದು ಕಡ್ಡಾಯ ಸಣ್ಣ ಮಾತಲ್ಲ. ಆದರೆ ಹರಡಿದ್ದು ಮುಖ್ಯವಾಗಿ ಸಭೆ. ವರ್ಷವಿಡೀ ಬದುಕಿರುವ ಮಕ್ಕಳ ಪಂಚಾಯಿತಿ, ಮಕ್ಕಳೇ ಮಾಡುವ ಸಮೀಕ್ಷೆ, ಮಕ್ಕಳ ಮಿತ್ರ, ಕಾರ್ಯಪಡೆ ಇವು ಅದೇ ಬಲದಲ್ಲಿ ಹರಡಲಿಲ್ಲ. ನವೆಂಬರಿನಲ್ಲಿ ಮಕ್ಕಳ ದಿನಾಚರಣೆಯ ಹೊತ್ತಿಗೆ ಸುತ್ತೋಲೆ ಬರುತ್ತದೆ, ಪಿಡಿಒ ದಿನಾಂಕ ಗೊತ್ತುಮಾಡುತ್ತಾರೆ, ಮುಖ್ಯೋಪಾಧ್ಯಾಯರು ಚೆನ್ನಾಗಿ ಮಾತಾಡುವ ಮಕ್ಕಳನ್ನು ತಯಾರು ಮಾಡಿ ಕಳಿಸುತ್ತಾರೆ. ಮುಂದಿನ ನವೆಂಬರಿನವರೆಗೆ ಕೇಳುವವರಿಲ್ಲ.

ಕಾಲುಸಂಕದ ವಿಷಯ ನೋಡಿ. ಮಲೆನಾಡು, ಕರಾವಳಿಯ ತೋಡು ಹೊಳೆಗಳಿಗೆ ಅಡ್ಡಲಾಗಿ ಅಡಿಕೆ ಮರದ ಕಾಂಡವನ್ನೋ ದಿಮ್ಮಿಯನ್ನೋ ಹಾಸಿ, ಒಂದು ಬದಿಗೆ ಬಿದಿರು ಕಟ್ಟಿರುತ್ತಾರೆ. ಮಳೆಗಾಲದಲ್ಲಿ ಮರ ಪಾಚಿಗಟ್ಟುತ್ತದೆ, ಕೆಳಗೆ ಕೆಂಪು ನೀರು ಅಬ್ಬರಿಸುತ್ತದೆ. ಹಿಡಿಯಲು ಕಟ್ಟಿದ ಬಿದಿರು ದೊಡ್ಡವರ ಸೊಂಟದ ಎತ್ತರಕ್ಕಿರುತ್ತದೆ. ಬೆನ್ನಿಗೆ ಶಾಲೆಯ ಚೀಲ, ಕೈಯಲ್ಲಿ ಕೊಡೆ ಹಿಡಿದ ಎರಡನೇ ತರಗತಿಯ ಮಗುವಿಗೆ ಅದು ಹೆಗಲ ಮೇಲಾಗುತ್ತದೆ. ಈ ಅಪಾಯ ಮಗುವಿನ ಎತ್ತರದಿಂದ ಮಾತ್ರ ಕಾಣುವಂಥದ್ದು. ಕುಂದಾಪುರ ಸೀಮೆಯ ಮಕ್ಕಳು ಎರಡು ದಶಕಕ್ಕೂ ಹಿಂದೆಯೇ ತಮ್ಮ ಪಂಚಾಯಿತಿಗಳಲ್ಲಿ ಕಾಲುಸಂಕದ ಮಾತು ಎತ್ತಿದ್ದರು. 2022ರ ಆಗಸ್ಟ್‌ನಲ್ಲಿ, ಹಿಂದೆ ಕುಂದಾಪುರ ತಾಲ್ಲೂಕಿಗೇ ಸೇರಿದ್ದ ಬೈಂದೂರಿನ ಒಂದು ಹಳ್ಳಿಯಲ್ಲಿ, ಶಾಲೆಯಿಂದ ಮನೆಗೆ ಹೊರಟ ಪುಟ್ಟ ಹುಡುಗಿ ಕಾಲುಸಂಕ ದಾಟುವಾಗ ನೀರುಪಾಲಾದಳು. ಆಮೇಲೆ ಅಧಿಕಾರಿಗಳು ಬಂದರು, ಕಾಲುಸಂಕಗಳ ಪಟ್ಟಿ ಮಾಡುವ ಮಾತು ನಡೆಯಿತು. ಮಕ್ಕಳ ಬಳಿ ಆ ಪಟ್ಟಿ ಎಂದೋ ಇತ್ತು.

ಎಲ್ಲವೂ ಹೀಗೇ ಆಗಿದೆ ಎಂದರೆ ಅನ್ಯಾಯವಾದೀತು. ಪಂಚಾಯಿತಿಯ ಕೈಯಲ್ಲೇ ಹಣ ಮತ್ತು ಅಧಿಕಾರ ಇರುವ ಕಡೆ ಮಕ್ಕಳ ಮಾತಿಗೆ ಬೆಲೆ ಬಂದಿದೆ. ನರೇಗಾದಡಿ ಶಾಲಾ ಕಾಂಪೌಂಡು, ಆಟದ ಮೈದಾನ, ಶೌಚಾಲಯ ಕಟ್ಟಿಸಿದ ಪಂಚಾಯಿತಿಗಳು ಎಷ್ಟೋ ಇವೆ. ಗ್ರಂಥಾಲಯದ್ದು ಇನ್ನೂ ಒಳ್ಳೆಯ ಉದಾಹರಣೆ. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರ ನವೆಂಬರಿನಲ್ಲಿ, ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಧೂಳು ಹಿಡಿದು, ಅರ್ಧ ದಿನ ಬಾಗಿಲು ಹಾಕಿರುತ್ತಿದ್ದ ಎಷ್ಟೋ ಕೋಣೆಗಳು ಗೋಡೆಗೆ ಬಣ್ಣ ಬಳಿಸಿಕೊಂಡು, ಕೇರಂ ಬೋರ್ಡು, ಕಂಪ್ಯೂಟರು ಇಟ್ಟುಕೊಂಡು ಅರಿವು ಕೇಂದ್ರಗಳಾದವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಊರಲ್ಲೇ ಒಂದು ಮೇಜು ಸಿಕ್ಕಿತು. ಕಡಿಮೆ ಗೌರವಧನಕ್ಕೆ ವರ್ಷಗಟ್ಟಲೆ ದುಡಿದ ಮೇಲ್ವಿಚಾರಕರನ್ನು ಇಲ್ಲಿ ನೆನೆಯದೆ ಮುಂದೆ ಹೋಗಬಾರದು. ಅರಿವು ಕೇಂದ್ರದ ಫ್ಯಾನು ಕೆಟ್ಟಿದೆ ಎಂದು ಮಗು ಸಭೆಯಲ್ಲಿ ಹೇಳಿದರೆ ಅಧ್ಯಕ್ಷರು ಯಾರಿಗೂ ಪತ್ರ ಬರೆಯಬೇಕಿಲ್ಲ, ಮಾಡಿಸಿದರೆ ಮುಗಿಯಿತು.

ಕಷ್ಟ ಇರುವುದು, ಉತ್ತರ ಕೊಡಲು ಊರಿನ ಯಾರನ್ನಾದರೂ ಎದುರು ಹಾಕಿಕೊಳ್ಳಬೇಕಾದಾಗ.

ಬಯಲುಸೀಮೆಯ ಪಂಚಾಯಿತಿಯೊಂದರ ಸಭೆಯಲ್ಲಿ ಕೂತಿದ್ದೆ. ಒಂಬತ್ತನೇ ತರಗತಿಯ ಹುಡುಗಿ ಮೈಕ್ ಹಿಡಿದು ನಿಂತಳು. ಕೈಯಲ್ಲಿ ಟೀಚರು ಬರೆದುಕೊಟ್ಟ ಚೀಟಿ ಇತ್ತು. ಅದರಲ್ಲಿದ್ದ ಕುಡಿಯುವ ನೀರಿನ ವಿಷಯ ಓದಿ ಮುಗಿಸಿದಳು. ಆಮೇಲೆ ಚೀಟಿ ಮಡಚಿ, ‘ಸಾರ್, ಬಸ್‌ಸ್ಟಾಪ್ ಪಕ್ಕದ ಪೆಟ್ಟಿಗೆ ಅಂಗಡೀಲಿ ಬೆಳಿಗ್ಗೇನೇ ಎಣ್ಣೆ ಮಾರ್ತಾರೆ. ನಾವು ಬಸ್ಸಿಗೆ ನಿಂತಿರ್ತೀವಲ್ಲ, ಕುಡಿದೋರು ಬಂದು ಏನೇನೋ ಅಂತಾರೆ’ ಎಂದಳು. ಶಾಮಿಯಾನದಡಿ ಒಂದು ಗಳಿಗೆ ಸದ್ದಿಲ್ಲ. ಮುಂದಿನ ಸಾಲಿನಲ್ಲಿದ್ದ ಸದಸ್ಯರೊಬ್ಬರು, ‘ಆಯ್ತು ಕೂತ್ಕೊಳವ್ವ, ನೋಡಾಣ’ ಎಂದರು. ನೋಡಲ್ ಅಧಿಕಾರಿ ತಲೆಯೆತ್ತದೆ ಬರೆದುಕೊಂಡರು: ಅಬಕಾರಿ ಇಲಾಖೆಗೆ ಪತ್ರ. ಮೈಕು ಮುಂದಿನ ಶಾಲೆಯ ಹುಡುಗನ ಕೈಗೆ ಹೋಯಿತು.

ಅಕ್ರಮ ಮದ್ಯ ಅಬಕಾರಿಯವರ ಕೆಲಸ, ಪುಂಡರ ಕಾಟ ಪೊಲೀಸರ ಕೆಲಸ ಎಂಬುದು ನಿಜ. ಸಂವಿಧಾನದ 11ನೇ ಅನುಸೂಚಿ ಪಂಚಾಯಿತಿಗಳಿಗೆಂದು ಹೆಸರಿಸಿದ 29 ವಿಷಯಗಳಲ್ಲಿ ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಗ್ರಂಥಾಲಯ ಇವೆ, ಪೊಲೀಸು ಇಲ್ಲ. ಆದರೆ ಅಷ್ಟಕ್ಕೇ ಕೈಚೆಲ್ಲುವಂತಿಲ್ಲ. ಊರಿನ ಅಂಗಡಿಗೆ ಪರವಾನಗಿ ಕೊಡುವ ಅಧಿಕಾರ ಪಂಚಾಯಿತಿಯದ್ದು. ಮಗುವಿನ ಕೈಗೆ ಮದ್ಯವನ್ನೋ ತಂಬಾಕನ್ನೋ ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆ 2015ರ 77ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕಾಯ್ದೆ ಹೇಳುತ್ತದೆ. ಇಲಾಖೆಯವರನ್ನು ಕರೆದು ಕೂರಿಸಿ ಪ್ರಗತಿ ಕೇಳಲು ಪಂಚಾಯಿತಿ ಮಟ್ಟದ ಕೆಡಿಪಿ ಸಭೆ ಇದೆ, ಬೀಟ್ ಪೊಲೀಸರ ಫೋನ್ ನಂಬರು ಪ್ರತಿ ಸದಸ್ಯರ ಬಳಿಯೂ ಇದೆ. ಪೆಟ್ಟಿಗೆ ಅಂಗಡಿಯವನಿಗೆ ಒಂದು ನೋಟಿಸು ಕೊಡಲು ಬೆಂಗಳೂರಿನಿಂದ ಅಪ್ಪಣೆ ಬರಬೇಕಿಲ್ಲ. ಅಂಗಡಿಯವನ ಮನೆಯಲ್ಲಿ ಓಟುಗಳಿವೆ, ಹುಡುಗಿಗೆ ಓಟಿಲ್ಲ. ಇದನ್ನು ಬಿಟ್ಟು ಬೇರೆ ಕಾರಣ ನನಗೆ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಅವಳು ಅದೇ ಬಸ್‌ಸ್ಟಾಪಿನಲ್ಲಿ ನಿಲ್ಲಬೇಕು. ಮೈಕಿನಲ್ಲಿ ಯಾರು ಏನು ಹೇಳಿದರು ಎಂಬುದು ಅಷ್ಟರಲ್ಲಿ ಅಂಗಡಿಗೆ ತಲುಪಿರುತ್ತದೆ. ಕೇಳಿಸಿಕೊಂಡು ಸುಮ್ಮನಾಗುವುದು ಕೇಳಿಸಿಕೊಳ್ಳದೇ ಇರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಮಗುವನ್ನು ಬಯಲಿಗೆ ತಂದು ನಿಲ್ಲಿಸಿದವರು ನಾವು. ಇಂಥ ಮಾತಿಗೆ ಇನ್ನೊಂದು ದಾರಿ ಇರಲೆಂದೇ ಶಾಲೆಗಳಲ್ಲಿ ಸಲಹಾ ಪೆಟ್ಟಿಗೆ ಇಟ್ಟಿದ್ದಾರೆ. ಆದರೆ ಅದರ ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿಯೇ ಇದ್ದರೆ, ಶಾಲೆಯೊಳಗಿನ ದೂರನ್ನು ಯಾವ ಮಗು ಅದರಲ್ಲಿ ಹಾಕೀತು? ಪಂಚಾಯಿತಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿ ಇಂಥ ಕೆಲಸಕ್ಕೇ ಇದೆ. ಅಧ್ಯಕ್ಷರು, ಅಂಗನವಾಡಿ ಕಾರ್ಯಕರ್ತೆ, ಶಿಕ್ಷಕರು ಎಲ್ಲ ಅದರಲ್ಲಿರುತ್ತಾರೆ. ಸಮಿತಿಯ ಹೆಸರಪಟ್ಟಿ ಕಚೇರಿಯ ಗೋಡೆಯ ಮೇಲೂ ಇರುತ್ತದೆ. ಕೊನೆಯ ಸಭೆ ಯಾವಾಗ ನಡೆಯಿತು ಎಂದು ಕೇಳಿದರೆ ಗುಮಾಸ್ತರು ರಿಜಿಸ್ಟರು ಹುಡುಕಬೇಕಾಗುತ್ತದೆ.

ಬಾಲ್ಯವಿವಾಹದ ಅಂಕಿಗಳನ್ನು ಇದರ ಪಕ್ಕ ಇಟ್ಟು ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ 2015–16ರಲ್ಲಿ ಶೇ 21.4, 2019–21ರಲ್ಲಿ ಶೇ 21.3. ನಡುವೆ ರಾಜ್ಯವು ಕಾಯ್ದೆಗೆ ತಿದ್ದುಪಡಿ ತಂದು ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಮಾಡಿತ್ತು. ಪಿಡಿಒ ಸೇರಿ ಹಲವರನ್ನು ನಿಷೇಧಾಧಿಕಾರಿಗಳೆಂದು ಗೊತ್ತುಮಾಡಿದೆ. ಕಾನೂನು ಬಿಗಿಯಾದರೂ ಅಂಕಿ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿದೆ. ಮದುವೆ ಗೊತ್ತಾಗಿದೆ ಎಂಬುದು ಗೆಳತಿಯರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ತರಗತಿಯಲ್ಲಿ ಖಾಲಿಯಾದ ಜಾಗ ಅವರ ಪಕ್ಕದ್ದೇ. ಆ ಮಾತು ಹೆಸರು ಹೊರಬೀಳದಂತೆ ಪಿಡಿಒವರೆಗೆ ತಲುಪುವ ಹಾದಿಯನ್ನು ಪಂಚಾಯಿತಿ ಮಾಡಿಕೊಟ್ಟರೆ, ಚಪ್ಪರ ಹಾಕಿದ ಮೇಲೆ ಜೀಪಿನಲ್ಲಿ ಓಡುವುದು ತಪ್ಪುತ್ತದೆ. 1098 ಸಹಾಯವಾಣಿ ಇದೆ, ನಿಜ. ಆದರೆ ಸ್ವಂತ ಫೋನಿಲ್ಲದ ಹುಡುಗಿ ಅಪ್ಪನ ಫೋನಿನಿಂದಲೇ ಅದಕ್ಕೆ ಕರೆ ಮಾಡಬೇಕು.

ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ದುಡಿಯುವ ಮಕ್ಕಳಿಂದ ಶುರುವಾದ ಪದ್ಧತಿ ಇವತ್ತು ಸಮವಸ್ತ್ರ ತೊಟ್ಟ ಮಕ್ಕಳ ಸಭೆಯಾಗಿದೆ. ಶಾಲೆ ಬಿಟ್ಟು ಗ್ಯಾರೇಜಿನಲ್ಲಿರುವ ಹುಡುಗ, ಇಟ್ಟಿಗೆ ಗೂಡಿಗೆ ಅಪ್ಪ ಅಮ್ಮನ ಜೊತೆ ಗುಳೆ ಬಂದ ಮಕ್ಕಳು, ಹತ್ತನೇ ತರಗತಿ ಫೇಲಾಗಿ ಬೈಕಿನ ಮೇಲೆ ದಿನ ಕಳೆಯುವ ಹದಿನೇಳರ ಹುಡುಗರು, ಕಾಲೇಜು ದೂರ ಎಂದು ಮನೆಯಲ್ಲಿ ಉಳಿದ ಹುಡುಗಿ ಇವರಿಗೆ ಕರೆಯೋಲೆ ಹೋಗುವುದೇ ಇಲ್ಲ, ಏಕೆಂದರೆ ಕರೆಯೋಲೆ ಹೋಗುವುದು ಶಾಲೆಯ ಮೂಲಕ. ಕುಡಿತ, ಆನ್‌ಲೈನ್ ಜೂಜು, ಸಾಲ, ಪೊಲೀಸ್ ಠಾಣೆಯ ಮೊದಲ ಪರಿಚಯ ಎಲ್ಲವೂ ಬರುವ ವಯಸ್ಸು ಇದೇ. ಅವರು ಊರಿಗೆ ಕಾಣುವುದು ತೊಂದರೆ ಕೊಡುವವರಾಗಿ ಮಾತ್ರ. ತಮಗೇನು ಬೇಕು ಎಂದು ಅವರನ್ನು ಯಾವ ಸಭೆಯೂ ಕೇಳಿಲ್ಲ. ಕುಂದಾಪುರದ ಮೊದಲ ಸಭೆಗಳಲ್ಲಿ ಮಾತಾಡಿದವರು ಇಂಥವರೇ.

ಇಷ್ಟನ್ನೂ ಪಂಚಾಯಿತಿಯ ತಲೆಗೇ ಕಟ್ಟುವುದು ಸರಿಯಲ್ಲ. ಶಿಕ್ಷಣ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳು ಕೂರುವುದು ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿ. ಗ್ರಾಮ ಪಂಚಾಯಿತಿಯ ಪತ್ರಕ್ಕೆ ಬಿಇಒ ಉತ್ತರಿಸದಿದ್ದರೆ ಹಿಂದೆಲ್ಲ ತಾಲ್ಲೂಕು ಪಂಚಾಯಿತಿ ಸದಸ್ಯರು, ಜಿಲ್ಲಾ ಪಂಚಾಯಿತಿ ಸದಸ್ಯರು ಸಭೆಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಮೀಸಲಾತಿ, ಕ್ಷೇತ್ರ ವಿಂಗಡಣೆ ಎಂದು ಚುನಾವಣೆ ಮುಂದಕ್ಕೆ ಹೋಗುತ್ತಲೇ ಇದ್ದು, ವರ್ಷಗಟ್ಟಲೆ ಆ ಎರಡು ಹಂತಗಳಲ್ಲಿ ಆಡಳಿತಾಧಿಕಾರಿಗಳೇ ಆಳಿದರು. ಗ್ರಂಥಾಲಯಕ್ಕೂ ಮಕ್ಕಳ ಸಭೆಗೂ ಹೊಸ ಹೊಸ ಸುತ್ತೋಲೆ ಹೊರಡಿಸಿದ ಸರ್ಕಾರಗಳೇ ಅವುಗಳ ಮೇಲಿನ ಮೆಟ್ಟಿಲನ್ನು ಕಿತ್ತಿಟ್ಟವು. ಇಲಾಖೆಗೆ ಪತ್ರ ಬರೆಯಲಾಗಿದೆ ಎಂಬ ವಾಕ್ಯ ಅಷ್ಟು ಸಲೀಸಾಗಿ ಬರುವುದಕ್ಕೆ ಇದೂ ಕಾರಣ. ಆ ಪತ್ರ ಎಲ್ಲಿ ಹೋಯಿತು ಎಂದು ಕೇಳುವ ಜನಪ್ರತಿನಿಧಿ ದಾರಿಯಲ್ಲಿ ಯಾರೂ ಉಳಿದಿರಲಿಲ್ಲ.

ಹಾಗಿದ್ದೂ ಪಂಚಾಯಿತಿ ತನ್ನ ಮಟ್ಟದಲ್ಲಿ ಮಾಡಬಹುದಾದದ್ದು ಬಹಳವಿದೆ, ಅದಕ್ಕೆ ಹೊಸ ಕಾಸು ಬೇಕಿಲ್ಲ. ಸಭೆಯ ಮೊದಲ ವಿಷಯವೇ ಹೋದ ವರ್ಷದ ಅನುಪಾಲನಾ ವರದಿಯಾಗಲಿ. ಅದನ್ನು ಕಾರ್ಯದರ್ಶಿ ಗೊಣಗುತ್ತ ಓದುವುದು ಬೇಡ. ಅಧ್ಯಕ್ಷರೇ ಎದ್ದು, ಹೋದ ಸಲ ಕೇಳಿದ ಮಗುವನ್ನು ಕರೆದು, ಆಯಿತು, ಆಗಲಿಲ್ಲ, ಇಂಥ ಕಾರಣಕ್ಕೆ ಆಗಲಿಲ್ಲ ಎಂದು ಹೇಳಲಿ. ಬರೆದ ಪತ್ರದ ನಕಲು, ಬಂದ ಉತ್ತರ ಅರಿವು ಕೇಂದ್ರದ ಗೋಡೆಯ ಮೇಲಿರಲಿ. ನವೆಂಬರಿಗೆ ಕಾಯದೆ ಮಕ್ಕಳ ಪಟ್ಟಿ ಪ್ರತಿ ಕೆಡಿಪಿ ಸಭೆಯ ಮೇಜಿಗೆ ಬರಲಿ. ಮಕ್ಕಳ ಮಿತ್ರನನ್ನು ಮಕ್ಕಳೇ ಮತ್ತೆ ಆರಿಸಲಿ, ಸಲಹಾ ಪೆಟ್ಟಿಗೆಯ ಬೀಗದ ಕೈ ಆ ಮಿತ್ರನ ಬಳಿ ಇರಲಿ. ಒಂದು ಸಭೆಯಾದರೂ ಸಂಜೆ ಆರರ ಮೇಲೆ, ಶಾಲೆಯ ಅಂಗಳ ಬಿಟ್ಟು, ಗ್ಯಾರೇಜಿನ ಹುಡುಗರಿಗೂ ಗೂಡಿನ ಮಕ್ಕಳಿಗೂ ಕೆಲಸ ಮುಗಿಯುವ ಹೊತ್ತಿನಲ್ಲಿ ನಡೆಯಲಿ. ಪೆಟ್ಟಿಗೆ ಅಂಗಡಿಯ ನೋಟಿಸಿಗೆ ಮಾತ್ರ ಯಾವ ಸಭೆಗೂ ಕಾಯಬೇಕಿಲ್ಲ, ಅದನ್ನು ನಾಳೆಯೇ ಕೊಡಬಹುದು.