ಕಲ್ಲಿನ ವಿಳಾಸ ಹಳೆಯದು, ನಮ್ಮ ಹುಡುಕಾಟ ಹೊಸದು: ಶಾಸನಾಸಕ್ತರಿಗೆ ಬೇಕಾದ ಜಾಲತಾಣಗಳ ಒಂದು ವಿಮರ್ಶೆ

ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಒಬ್ಬರು ಹಿತ್ತಲಲ್ಲೋ ಗುಡಿ ಮುಂದೆಯೋ ಅಕ್ಷರ ಕೆತ್ತಿದ ಕಲ್ಲು ನೋಡಿದರು ಅಂದುಕೊಳ್ಳಿ. ಕೈಯಲ್ಲಿ ಮೊಬೈಲ್ ಇದೆ, ನೆಟ್ ಇದೆ. ಅವರ ಪ್ರಶ್ನೆ ಒಂದೇ: "ಇದನ್ನ ಯಾರಾದ್ರೂ ಓದಿದಾರಾ?" ಇಷ್ಟು ಸರಳ ಪ್ರಶ್ನೆಗೆ ನಮ್ಮ ಜಾಲತಾಣಗಳು ಉತ್ತರ ಕೊಡುತ್ತವಾ? ಈ ಬರಹ ಅದನ್ನೇ ಪರೀಕ್ಷೆ ಮಾಡುವ ಪ್ರಯತ್ನ.

ಇದು ಬರೀ ಕುತೂಹಲದ ವಿಷಯ ಅಲ್ಲ. ನೂರು ವರ್ಷದ ಹಿಂದೆಯೇ ಅಚ್ಚಾದ ಶಾಸನ "ಅಪ್ರಕಟಿತ ಶಾಸನ ಪತ್ತೆ" ಅಂತ ಪತ್ರಿಕೆಯಲ್ಲಿ ಬರೋದನ್ನ ನಾವೆಲ್ಲ ನೋಡಿದ್ದೇವೆ. ಅದರ ಪಕ್ಕದಲ್ಲೇ, ನಿಜವಾಗಿಯೂ ಯಾರೂ ಓದದ ಕಲ್ಲು ಕಾಂಕ್ರೀಟ್ ರಸ್ತೆಯ ಕೆಳಗೆ ಹೋಗಿರುತ್ತೆ. ಯಾವುದು ಓದಿದ್ದು, ಯಾವುದು ಓದದ್ದು ಅನ್ನೋದು ಊರಿನವರಿಗೆ ಗೊತ್ತಾಗುವ ದಾರಿ ಇಲ್ಲದಿರುವುದೇ ಈ ಎರಡಕ್ಕೂ ಕಾರಣ.

ಮೊದಲು ಆರ್ಕೈವ್ ಡಾಟ್ ಆರ್ಗ್. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳು ಇಲ್ಲಿ ಉಚಿತವಾಗಿ ಸಿಗುತ್ತವೆ. ಮನೆಯಲ್ಲೇ ಕೂತು ಆ ಪುಟಗಳನ್ನ ತಿರುವಿಹಾಕಬಹುದು ಅನ್ನೋದು ಸಣ್ಣ ಮಾತಲ್ಲ. ಒಂದು ಕಾಲಕ್ಕೆ ಇದಕ್ಕಾಗಿ ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕಿತ್ತು. ಆದರೆ "ದಾವಣಗೆರೆ ಜಿಲ್ಲೆಯ ಶಾಸನಗಳು" ಅಂತ ಹುಡುಕಿದರೆ ರೈಸ್ ಸಿಗಲ್ಲ. ಕಾರಣ, ಅವರ ಕಾಲಕ್ಕೆ ಆ ಜಿಲ್ಲೆಯೇ ಇರಲಿಲ್ಲ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ.

ಸಮಸ್ಯೆಯ ಬೇರು ಇರೋದು ಇಲ್ಲೇ. ರೈಸ್ ಶಾಸನಗಳನ್ನ ಜಿಲ್ಲೆ, ತಾಲ್ಲೂಕು, ಕ್ರಮಸಂಖ್ಯೆ ಅಂತ ಜೋಡಿಸಿದರು. ಹರಿಹರದ ಶಾಸನಗಳು 11ನೆಯ ಸಂಪುಟದಲ್ಲಿ, ಅಂದ್ರೆ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಕೆಳಗೆ ಇವೆ. ಜಗಳೂರಿನವೂ ಅದೇ ಸಂಪುಟದಲ್ಲಿ. ಆದರೆ ಇವತ್ತು ಇದೇ ಜಿಲ್ಲೆಯಲ್ಲಿರುವ ಹೊನ್ನಾಳಿ, ಚನ್ನಗಿರಿ ಬೇಕಾದರೆ 7ನೆಯ ಸಂಪುಟ ತೆಗೀಬೇಕು. ಆಗ ಅವು ಶಿವಮೊಗ್ಗ ಜಿಲ್ಲೆಯವು. ನ್ಯಾಮತಿ ಈಗ ಬೇರೆ ತಾಲ್ಲೂಕು, ಅದರ ಊರುಗಳನ್ನೂ ಹೊನ್ನಾಳಿಯಲ್ಲೇ ಹುಡುಕಬೇಕು. ಹರಪನಹಳ್ಳಿಯದು ಇನ್ನೂ ತಮಾಷೆ. ಬಳ್ಳಾರಿ ಜಿಲ್ಲೆಯಲ್ಲಿದ್ದು, 1997ರಲ್ಲಿ ದಾವಣಗೆರೆಗೆ ಬಂದು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅದು ಮದ್ರಾಸ್ ಪ್ರಾಂತ್ಯದಲ್ಲಿ ಇದ್ದದ್ದರಿಂದ ಅಲ್ಲಿನ ಶಾಸನಗಳಿಗೆ ರೈಸ್ ಉಪಯೋಗಕ್ಕೆ ಬರಲ್ಲ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟ ನೋಡಬೇಕು. ಹರಿಹರದಲ್ಲಿ ನಿಂತು ತುಂಗಭದ್ರೆಯ ಆಚೆ ದಡ ನೋಡಿದರೆ ಕಾಣುವ ರಾಣೆಬೆನ್ನೂರು ಸೀಮೆ ಮುಂಬಯಿ ಪ್ರಾಂತ್ಯದ್ದು. ಅದಕ್ಕೆ ಅದೇ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳು, ಅಂದ್ರೆ 11, 15, 18, 20.

ನೋಡಿ, ಒಂದು ಸೇತುವೆ ದಾಟಿದರೆ ಪುಸ್ತಕವೇ ಬದಲಾಗುತ್ತೆ. ಶಾಸನ ಹಾಕಿಸಿದವರಿಗೆ ಈ ಗಡಿ ಗೊತ್ತೇ ಇರಲಿಲ್ಲ. ಬ್ರಿಟಿಷರ ಕಾಲದ ನಕಾಶೆ ನಮ್ಮ ಓದಿನ ಮೇಲೆ ಇನ್ನೂ ಕೂತಿದೆ, ಜಾಲತಾಣಗಳು ಅದನ್ನ ಹಾಗೇ ಮುಂದುವರಿಸಿವೆ.

ಊರಿನ ಹೆಸರಲ್ಲಿ ಹುಡುಕಿದರೆ? ಅಲ್ಲೂ ತೊಡಕು. ರೋಮನ್ ಲಿಪಿಯಲ್ಲಿ ದೀರ್ಘಕ್ಕೆ ಮೇಲೊಂದು ಗೆರೆ, ಳಕಾರಕ್ಕೆ ಕೆಳಗೊಂದು ಚುಕ್ಕೆ ಇರುತ್ತೆ. ಯಂತ್ರ ಅದನ್ನ ಓದುವಾಗ ಗೆರೆ, ಚುಕ್ಕೆ ಎರಡೂ ಕಲಸುಮೇಲೋಗರ. ಹಾಗಾಗಿ "ಭಾನುವಳ್ಳಿ" ಅಂತ ಒಂದೇ ಸಲ ಹಾಕಿ ಕೈಬಿಡಬೇಡಿ. ಅಲ್ಪಪ್ರಾಣ "ಬಾನು", "ವಳ್ಳಿ" ಬದಲು "ಹಳ್ಳಿ", "ಪಳ್ಳಿ", ಎಲ್ಲಾ ಹಾಕಿ ನೋಡಿ. ಕೈಪಿಡಿ ಕೈವಿಡಿ ಆದ ಹಾಗೆ ಪಳ್ಳಿ ವಳ್ಳಿ ಆಗೋದು ಕನ್ನಡದ ಸಹಜ ನಡೆ. ಶಾಸನದ ಒಳಗಿನ ಹೆಸರು ಇನ್ನೂ ಬೇರೆ ಇರಬಹುದು: ಹರಿಹರವೇ ಶಾಸನಗಳಲ್ಲಿ ಕೂಡಲೂರು. ಹರಿದ್ರಾ ನದಿ ತುಂಗಭದ್ರೆಯನ್ನ ಕೂಡುವ ಜಾಗ ಅಲ್ವಾ! ಯಂತ್ರದ ಹುಡುಕಾಟ ನಂಬೋದಕ್ಕಿಂತ, ಸಂಪುಟದ ಆ ತಾಲ್ಲೂಕಿನ ಪುಟಗಳನ್ನ ಕಣ್ಣಲ್ಲೇ ಒಂದು ಸಲ ನೋಡಿಬಿಡೋದು ವಾಸಿ.

ಪಾಠ ಸಿಕ್ಕಿದ ಮೇಲೆ ಓದೋಕೆ ಸಹಾಯ ಮಾಡುವ ತಾಣಗಳು ಚೆನ್ನಾಗಿವೆ. ಅಕ್ಷರಮುಖ ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಾಯಿಸುತ್ತೆ. ಸ್ಕ್ಯಾನಿನಲ್ಲಿ ಕನ್ನಡ ಪಾಠದ ಪುಟ ಮಸುಕಾಗಿದ್ದರೆ ರೋಮನ್ ಪಾಠದಿಂದ ಕನ್ನಡಕ್ಕೆ ತರಬಹುದು. ಒಂದೇ ಎಚ್ಚರ: ಚಕಾರಕ್ಕೆ ರೈಸ್ ಬಳಸುವ ರೋಮನ್ ಅಕ್ಷರಜೋಡಿ ಈಗಿನ ಪದ್ಧತಿಯಲ್ಲಿ ಛಕಾರ ಆಗುತ್ತೆ, ನೋಡಿಕೊಂಡು ತಿದ್ದಿ. ಅರ್ಥಕ್ಕೆ ಅಲರ್ ಇದೆ. ವಿ. ಕೃಷ್ಣ ಅವರು ಒಬ್ಬರೇ ಕಟ್ಟಿದ, ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು, ಬಳಸೋಕೆ ಬಹಳ ಹಗುರ. ಆದರೆ ಮತ್ತರು, ಕಮ್ಮ, ಗದ್ಯಾಣದಂಥ ಶಾಸನಪದ ಬಂದಾಗ 1894ರ ಕಿಟ್ಟೆಲ್ ಕೋಶವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಕಾಲಕ್ಕೆ ಯಾನೊ ಮತ್ತು ಫುಶಿಮಿ ಎಂಬ ಜಪಾನಿ ವಿದ್ವಾಂಸರು ಮಾಡಿದ ಪಂಚಾಂಗ ತಾಣ ನನ್ನ ಮೆಚ್ಚಿನದು. ಶಕವರ್ಷಕ್ಕೆ 78 ಸೇರಿಸಿ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹರಿಹರೇಶ್ವರ ಗುಡಿ ಉದಾಹರಣೆಗೆ ತಗೊಳ್ಳಿ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಮುಮ್ಮಡಿ ನರಸಿಂಹನ ದಂಡನಾಯಕ ಸೋಮ 1268ರಲ್ಲಿ ಅದನ್ನ ಬೆಳೆಸಿದ. 1268 ಅಂದ್ರೆ ಶಕ 1190, ವಿಭವ ಸಂವತ್ಸರ. ಆದರೆ ಅದೇ ಶಕ 1190ರ ಮಾಘ, ಫಾಲ್ಗುಣದ ಶಾಸನ ಇದ್ದಿದ್ದರೆ ಅದು 1269. ತಿಥಿ, ವಾರ ಹಾಕಿ ತಾಳೆ ನೋಡಿದರೆ ಮಾತ್ರ ತಾರೀಖು ನಿಲ್ಲುತ್ತೆ.

ಜಾಗಕ್ಕೆ ದಿಶಾಂಕ್ ಆ್ಯಪ್. ಇದು ಜಮೀನಿನವರಿಗಾಗಿ ಮಾಡಿದ್ದು, ಆದರೆ ನಮಗೂ ಚಿನ್ನದಂಥದ್ದು. ಕಲ್ಲಿನ ಪಕ್ಕ ನಿಂತರೆ ಯಾವ ಗ್ರಾಮ, ಯಾವ ಸರ್ವೆ ನಂಬರ್ ಅಂತ ಹೇಳುತ್ತೆ. "ಊರ ಹೊರಗಿನ ಹೊಲದಲ್ಲಿ" ಅಂತ ಬರೆಯೋದಕ್ಕಿಂತ ಸರ್ವೆ ನಂಬರ್ ಬರೆದರೆ ಐವತ್ತು ವರ್ಷದ ನಂತರವೂ ಜಾಗ ಸಿಗುತ್ತೆ. ಭೂಮಾಪನ ಇಲಾಖೆಯ ಗ್ರಾಮ ನಕಾಶೆಗಳಲ್ಲಿ ಬೇಚರಾಕ್ ಗ್ರಾಮಗಳ ಹೆಸರೂ ಸಿಗುತ್ತೆ. ಹಳೆ ಪುಸ್ತಕದಲ್ಲಿದ್ದು ಈಗ ಕಾಣದ ಊರುಗಳು ಎಷ್ಟೋ ಸಲ ಅಲ್ಲೇ ಅಡಗಿರುತ್ತವೆ.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಡೆಸುತ್ತಿರುವ ಮೂರು ಆಯಾಮದ ಸ್ಕ್ಯಾನಿಂಗ್ ಕೆಲಸ, ಅಕ್ಷರಗಳ ಚಿತ್ರ ಹುಡುಕಿಕೊಡುವ ಅವರ ಅಕ್ಷರ ಭಂಡಾರ, ಈ ಕ್ಷೇತ್ರದಲ್ಲಿ ನಮಗಿರುವ ಒಳ್ಳೆ ಮಾದರಿ. ಹಳೆಯ ಪುಸ್ತಕ ಹಿಡಿದು ಹೊರಟು, ಕಲ್ಲು ಈಗ ಎಲ್ಲಿದೆ ಅಂತ ಹುಡುಕಿ, ಸ್ಕ್ಯಾನ್ ಮಾಡಿ, ಮತ್ತೆ ಓದುವ ಕ್ರಮ ಅದು. ಆ ಕೆಲಸ ಶುರುವಾದದ್ದು ಬೆಂಗಳೂರು ಸುತ್ತಮುತ್ತ. ಮಧ್ಯ ಕರ್ನಾಟಕದ ಹಳ್ಳಿಯವರು ಅದನ್ನ ನೋಡಿ ಸಂತೋಷಪಟ್ಟು, ತಮ್ಮೂರ ಕಲ್ಲಿನ ಮುಂದೆ ಮತ್ತೆ ಮೊದಲ ಪ್ರಶ್ನೆಗೇ ಬಂದು ನಿಲ್ಲುತ್ತಾರೆ.

ಒಟ್ಟಿನಲ್ಲಿ ನನ್ನ ಆಕ್ಷೇಪ ಇಷ್ಟೇ. ಪುಸ್ತಕದಿಂದ ಶುರುವಾಗುವ ತಾಣ ಇದೆ, ಅಕ್ಷರದಿಂದ, ಪದದಿಂದ, ತಾರೀಖಿನಿಂದ ಶುರುವಾಗುವ ತಾಣಗಳೂ ಇವೆ. ಭಾನುವಳ್ಳಿಯಲ್ಲಿ ನಿಂತವರಿಗೆ ಬೇಕಾದ್ದು ಊರಿನಿಂದ ಶುರುವಾಗುವ ದಾರಿ. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಒಂದು ಪಟ್ಟಿ ಸಾಕು: ಇವತ್ತಿನ ಊರು, ಇವತ್ತಿನ ತಾಲ್ಲೂಕು, ಹಳೆಯ ತಾಲ್ಲೂಕು, ಸಂಪುಟ, ಶಾಸನ ಸಂಖ್ಯೆ, ಕಲ್ಲು ಈಗ ಇದೆಯೋ ಇಲ್ಲವೋ. ರೈಸ್ ನಂತರದ ಶೋಧಗಳಿಗೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ಸೇರಿಸಬೇಕು. ಒಂದು ತಾಲ್ಲೂಕಿಗೆ ನಾಲ್ಕೈದು ಜನ ಕೆಲವು ಭಾನುವಾರ ಕೂತರೆ ಆಗುವ ಕೆಲಸ.

ಹರಿಹರ ತಾಲ್ಲೂಕಿನಿಂದಲೇ ಶುರು ಮಾಡೋಣ. 11ನೆಯ ಸಂಪುಟ ಇಳಿಸಿಕೊಳ್ಳಿ, ದಾವಣಗೆರೆ ತಾಲ್ಲೂಕಿನ ಪುಟ ತೆರೆಯಿರಿ, ನಿಮ್ಮೂರಿನ ಸಾಲು ಮೊದಲು ಬರೆಯಿರಿ. ಪಟ್ಟಿಯಲ್ಲಿ ಇಲ್ಲದ ಕಲ್ಲು ಕಂಡರೆ ಸುಣ್ಣ, ಎಣ್ಣೆ, ಸುದ್ದೆ ಏನೂ ಹಚ್ಚಬೇಡಿ, ಜರುಗಿಸಬೇಡಿ. ಬೆಳಗ್ಗೆಯೋ ಸಂಜೆಯೋ ಓರೆ ಬಿಸಿಲಲ್ಲಿ ನಾಲ್ಕು ಫೋಟೋ ತೆಗೆದು, ಸರ್ವೆ ನಂಬರ್ ಬರೆದುಕೊಂಡು ಬನ್ನಿ. "ಹೊಸ ಶಾಸನ" ಅಂತ ಹೇಳೋದು ಅದಾದ ಮೇಲೆ.